ಬೇಸಗೆ ಬರಲಿ

ಮಾಘ ಮಾಸದ ಬಿಸಿಲು ಹಿತ್ತಲ ಗೋಡೆಯಿಂದಿಳಿದು ತುಳಸಿಕಟ್ಟೆಯವರೆಗೆ ಬರುವ ಹೊತ್ತಿಗೆ ನನ್ನ ಕುರ್ಚಿಯೂ ಅಲ್ಲಿಗೆ ಬಂದಿರುತ್ತದೆ. ಬೆನ್ನಿಗೊಂದು ದಿಂಬು, ಕಾಲಿಗೊಂದು ಮಣೆ, ಕೈಗೆಟಕುವಂತೆ ನೀರಿನ ಚೊಂಬು. ಮೂರು ತಿಂಗಳ ಕೆಳಗೆ ನನ್ನ ಬಲಗಡೆಯ ಶ್ವಾಸಕೋಶದ ಪೊರೆಯಲ್ಲಿ ನೀರು ತುಂಬಿಕೊಂಡಿತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮಲಗಿದರೂ ನೋವು, ಕೂತರೂ ನೋವು. ಆಸ್ಪತ್ರೆಯಲ್ಲಿ ಸೂಜಿ ಹಾಕಿ ನೀರು ತೆಗೆದರು, ಪರೀಕ್ಷೆಗೆ ಕಳಿಸಿದರು, ಕಡೆಗೆ ಡಾಕ್ಟರು ಬಹಳ ಹಳೆಯದೊಂದು ಹೆಸರನ್ನು ಹೇಳಿದರು: ಕ್ಷಯ. ನನಗೆ ಬಂದಿರುವುದು ಇನ್ನೊಬ್ಬರಿಗೆ ಅಂಟುವ ಬಗೆಯದಲ್ಲವೆಂದೂ, ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ಗುಣವಾಗುವುದೆಂದೂ ಅದೇ ಉಸಿರಿನಲ್ಲಿ ಅವರು ಹೇಳಿದರು. ಆದರೆ ಮನೆಯವರ ಕಿವಿಯಲ್ಲಿ ನಿಂತದ್ದು ಮೊದಲು ಬಂದ ಆ ಎರಡಕ್ಷರ ಮಾತ್ರ. ನನ್ನ ಹೆಂಡತಿ ಅಂದು ರಾತ್ರಿ ಊಟ ಮಾಡಲಿಲ್ಲ.

ಈಗ ಮನೆ ಒಂದು ಹದಕ್ಕೆ ಬಂದಿದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ. ಮೂತ್ರ ಕಿತ್ತಳೆ ಬಣ್ಣವಾದರೆ ಗಾಬರಿಪಡಬೇಡಿ ಎಂದು ಮೊದಲೇ ಎಚ್ಚರಿಸಿದ್ದರಿಂದ ಗಾಬರಿಯೂ ಇಲ್ಲ. ಜ್ವರ ಬಿಟ್ಟಿದೆ. ನಾಲಗೆಗೆ ರುಚಿ ಮರಳುತ್ತಿದೆ. ರುಚಿಯ ಜೊತೆಗೆ ಆಸೆಯೂ ಮರಳಿತು. ನಮ್ಮ ಡಾಕ್ಟರು ಮಿತಭಾಷಿಗಳು. “ಬೇಸಗೆಯಲ್ಲಿ ಶಿವಗಂಗೆ ಹತ್ತಬಹುದೆ?” ಎಂದು ಕೇಳಿದೆ. “ಯುಗಾದಿ ಕಳೆಯಲಿ ಸಾರ್, ನೋಡೋಣ” ಎಂದರು. ಬೇಡವೆನ್ನಲಿಲ್ಲವಲ್ಲ, ನನಗೆ ಅಷ್ಟೇ ಸಾಕಾಯಿತು. ಅಂದೇ ಗೋಡೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಒಂದು ಪಟ್ಟಿ ಆರಂಭಿಸಿದೆ. ಮೈಸೂರಿನಿಂದ ಮೊಮ್ಮಗ ರಜೆಗೆ ಬಂದ ಮೇಲೆ ಒಂದು ದಿನ ನಸುಕಿನಲ್ಲೇ ಹೊರಟು ಬಿಸಿಲೇರುವ ಮುಂಚೆ ಶಿವಗಂಗೆಯ ಮೆಟ್ಟಿಲು ಹಿಡಿಯುವುದು. ಒಳಕಲ್ಲು ತೀರ್ಥದ ಕುಳಿಯಲ್ಲಿ ಅವನ ಕೈಗೆ ನೀರು ಸಿಕ್ಕುತ್ತದೆಯೇ ನೋಡುವುದು. ಆದರೆ ಬಂಡೆಯ ತುದಿಯ ನಂದಿಯವರೆಗೆ, ಆಗದಿದ್ದರೆ ಅರ್ಧಕ್ಕೇ ಕೂತು ಕೋಸಂಬರಿ ತಿಂದು ಇಳಿಯುವುದು. ಹೀಗೆ ಪಟ್ಟಿ ಬೆಳೆಯುತ್ತ ಹೋಯಿತು. ಅದರ ಕೊನೆಯ ಬಾಬತ್ತನ್ನು ಆಮೇಲೆ ಹೇಳುತ್ತೇನೆ.

ಕಾಯಿಲೆಯವನಿಗೆ ಹೊತ್ತು ಹೋಗುವುದಿಲ್ಲ. ನಾನು ನಲವತ್ತು ವರ್ಷ ಚರಿತ್ರೆಯ ಪಾಠ ಹೇಳಿದವನು. ನನ್ನ ಕಾಯಿಲೆಯ ಚರಿತ್ರೆಯನ್ನೇ ಓದೋಣವೆಂದು ಕೂತೆ. ಓದುತ್ತ ಹೋದಂತೆ ಒಂದು ಸಂಗತಿ ಕಂಡಿತು. ಹಾಸಿಗೆಯಲ್ಲಿ ಮಲಗಿ ಬೇಸಗೆಯ ಬಯಲಿಗಾಗಿ ಕಾಯುವ ಈ ಚಾಳಿ ನನ್ನೊಬ್ಬನದಲ್ಲ. ಸುಮಾರು ನೂರು ವರ್ಷ ಇದೇ ಈ ರೋಗದ ಮುಖ್ಯ ಚಿಕಿತ್ಸೆಯಾಗಿತ್ತು. ಅದಕ್ಕಾಗಿ ಊರುಗಳೇ ಹುಟ್ಟಿದವು. ಆ ಚಿಕಿತ್ಸೆ ನಿಜವಾಗಿ ಗುಣ ಮಾಡುತ್ತಿತ್ತೇ ಎಂಬುದಕ್ಕೆ ಉತ್ತರ ಹೊರಟದ್ದು ಮಾತ್ರ ನಮ್ಮ ಪಕ್ಕದ ಮದರಾಸಿನಿಂದ.

ಮೊದಲು ಎಡ್ವರ್ಡ್ ಲಿವಿಂಗ್‌ಸ್ಟನ್ ಟ್ರೂಡೊ ಎಂಬ ಅಮೆರಿಕನ್ ವೈದ್ಯನ ಕಥೆ. ಆತ 1848ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. ಹದಿನೇಳರ ವಯಸ್ಸಿನಲ್ಲಿ ಅವನ ಅಣ್ಣನಿಗೆ ಕ್ಷಯ ತಗುಲಿತು. ನೌಕಾಪಡೆಗೆ ಸೇರುವ ಸನ್ನಾಹದಲ್ಲಿದ್ದ ಹುಡುಗ ಅದನ್ನು ಬಿಟ್ಟು ಅಣ್ಣನ ಶುಶ್ರೂಷೆಗೆ ನಿಂತ. ಒಂದೇ ಕೋಣೆ, ಎಷ್ಟೋ ರಾತ್ರಿ ಒಂದೇ ಹಾಸಿಗೆ. ಹೊರಗಿನ ಗಾಳಿ ತಾಗಿದರೆ ಕೆಮ್ಮು ಹೆಚ್ಚುವುದೆಂದು ಕಿಟಕಿ ತೆಗೆಯಕೂಡದೆಂಬುದು ವೈದ್ಯರ ಕಟ್ಟಪ್ಪಣೆ. 1865ರ ಕೊನೆಯಲ್ಲಿ ಅಣ್ಣ ತೀರಿಕೊಂಡ. ತಮ್ಮ ಮುಂದೆ ವೈದ್ಯಕೀಯ ಓದಿ, 1871ರಲ್ಲಿ ಪದವಿ ಪಡೆದು, ಮದುವೆಯಾಗಿ, ನ್ಯೂಯಾರ್ಕಿನಲ್ಲಿ ವೃತ್ತಿ ಹಿಡಿಯುತ್ತಿರುವಾಗಲೇ 1873ರಲ್ಲಿ ಅವನ ಎದೆಗೆ ಕಿವಿಯಿಟ್ಟ ಹಿರಿಯ ವೈದ್ಯರು ಎಡ ಶ್ವಾಸಕೋಶದ ಬಹುಭಾಗ ಕೆಟ್ಟಿದೆಯೆಂದು ತೀರ್ಪು ಕೊಟ್ಟರು. ಆ ಕಾಲಕ್ಕೆ ಅದು ಮರಣಶಾಸನ.

ದಕ್ಷಿಣದ ಬೆಚ್ಚನೆಯ ಊರಿಗೆ ಹೋಗೆಂದರು. ಹೋದ, ಇನ್ನಷ್ಟು ಸೊರಗಿ ಬಂದ. ಆಗ ಅವನು ಮಾಡಿದ ಆಯ್ಕೆಗೆ ವೈದ್ಯಶಾಸ್ತ್ರದ ಆಧಾರವೇನೂ ಇರಲಿಲ್ಲ. ಅವನಿಗೆ ಕಾಡೆಂದರೆ ಪ್ರಾಣ. ನ್ಯೂಯಾರ್ಕ್ ಸಂಸ್ಥಾನದ ಉತ್ತರಕ್ಕೆ ಅಡಿರಾಂಡ್ಯಾಕ್ ಎಂಬ ಬೆಟ್ಟಸೀಮೆ. ಕೆರೆಗಳೂ ಕಾಡೂ ಹೆಣೆದುಕೊಂಡ ಜಾಗ. ಅಲ್ಲಿ ಪಾಲ್ ಸ್ಮಿತ್ ಎಂಬಾತ ಬೇಟೆಗಾರರಿಗೂ ಮೀನು ಹಿಡಿಯುವವರಿಗೂ ಒಂದು ವಸತಿಗೃಹ ನಡೆಸುತ್ತಿದ್ದ. ಹೇಗಿದ್ದರೂ ಸಾಯುವವನು, ಒಂದು ಬೇಸಗೆಯನ್ನಾದರೂ ಇಷ್ಟವಾದ ಜಾಗದಲ್ಲಿ ಕಳೆಯೋಣವೆಂದು ಟ್ರೂಡೊ ಹೊರಟುಬಿಟ್ಟ. ಕೊನೆಯ ನಲವತ್ತು ಮೈಲಿ ಬಂಡಿಯಲ್ಲಿ ಹಾಸಿಗೆ ಹಾಸಿ ಅದರ ಮೇಲೆ ಮಲಗಿಸಿ ಕರೆದೊಯ್ದರು. ತಲುಪಿದಾಗ ಅಲ್ಲಿಯ ಆಳೊಬ್ಬ ಅವನನ್ನು ಎತ್ತಿಕೊಂಡು ಎರಡೆರಡು ಮೆಟ್ಟಿಲು ಹತ್ತಿ ಮಹಡಿ ಸೇರಿಸಿದನಂತೆ. ಒಣಗಿದ ಕುರಿಮರಿಯ ಚರ್ಮದಷ್ಟೂ ತೂಕವಿಲ್ಲವೆಂದು ಆ ಆಳು ಅಂದ ಮಾತನ್ನು ಟ್ರೂಡೊ ಕೊನೆಗಾಲದಲ್ಲಿ ಬರೆದ ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾನೆ. ಅಪಶಕುನದಂಥ ಆ ಮಾತನ್ನು ಅವನು ಬಹಳ ಪ್ರೀತಿಯಿಂದಲೇ ಹೇಳುತ್ತಾನೆ. ರೋಗಿಯ ಮುಂದೆ ದನಿ ತಗ್ಗಿಸದೆ, ಇದ್ದದ್ದನ್ನು ಇದ್ದಂತೆ ಆಡುವವರು ಅಪರೂಪ. ನನಗೂ ಈ ಮೂರು ತಿಂಗಳಲ್ಲಿ ಅಂಥವರೊಬ್ಬರು ಸಿಕ್ಕಿದ್ದರು, ನಮ್ಮ ಹಾಲಿನವರು. “ಏನ್ ಮೇಷ್ಟ್ರೇ, ಅರ್ಧ ಆಗೋಗಿದೀರಾ!” ಎಂದು ಗೇಟಿನಿಂದಲೇ ಕೂಗಿದರು. ಎಷ್ಟೋ ದಿನಗಳ ಮೇಲೆ ಅಂದು ನಕ್ಕೆ.

ಮರುದಿನವೇ ಟ್ರೂಡೊ ದೋಣಿ ಹತ್ತಿದ. ದೋಣಿಯ ತಳದಲ್ಲಿ ಸೊಪ್ಪುಕೊಂಬೆ ಹಾಸಿ, ಕಂಬಳಿ ಹೊದಿಸಿ, ಒರಗುವಂತೆ ಮಾಡಿ, ಕೆರೆಯ ಮೇಲೆ ಮೆಲ್ಲಗೆ ಹುಟ್ಟುಹಾಕಿದರು. ಕೈಯಲ್ಲಿ ಕೋವಿ. ಮಲಗಿದ್ದಲ್ಲಿಂದಲೇ ಒಂದು ಜಿಂಕೆ ಹೊಡೆದನೆಂಬುದು ಅವನ ಹೆಮ್ಮೆ. ಜಿಂಕೆಯ ಪಾಡು ನಮ್ಮ ಓದುಗರಿಗೆ ಹಿತವಾಗದಿರಬಹುದು, ನನಗೂ ಹಿತವಾಗಲಿಲ್ಲ. ಸಾವಿನಂಚಿನಲ್ಲಿದ್ದವನಿಗೆ ಇನ್ನೊಂದು ಜೀವ ತೆಗೆದಾಗ ಚೈತನ್ಯ ಬಂತೆಂಬುದರಲ್ಲಿ ಏನೋ ಒಂದು ಒಗರಿದೆ. ಆದರೆ ಚರಿತ್ರೆ ನಮ್ಮ ರುಚಿಯನ್ನು ಕೇಳಿ ನಡೆಯುವುದಿಲ್ಲ. ಜ್ವರ ಇಳಿಯಿತು, ಹಸಿವು ಹುಟ್ಟಿತು. ಸೆಪ್ಟೆಂಬರಿನಲ್ಲಿ ಊರಿಗೆ ಹಿಂದಿರುಗುವಾಗ 15 ಪೌಂಡು ಹೆಚ್ಚಾಗಿದ್ದ. ಆ ಚಳಿಗಾಲವನ್ನು ಬೇರೆಡೆ ಕಳೆದಾಗ ರೋಗ ಮತ್ತೆ ಕೆರಳಿತು. ಮರುಬೇಸಗೆ ಮತ್ತೆ ಕಾಡು. ಕಡೆಗೆ 1874ರಲ್ಲಿ, ಬಲ್ಲವರೆಲ್ಲ ಹುಚ್ಚೆಂದರೂ ಕೇಳದೆ, ಹೆಂಡತಿ ಮಕ್ಕಳೊಡನೆ ಚಳಿಗಾಲಕ್ಕೂ ಅಲ್ಲೇ ಉಳಿದ. 1876ರಲ್ಲಿ ಹತ್ತಿರದ ಸ್ಯಾರನಾಕ್ ಲೇಕ್ ಎಂಬ ಹಳ್ಳಿಗೆ ಬಂದು ನೆಲೆಸಿದ. ಒಂದು ಬೇಸಗೆ ಸಾಕೆಂದು ಬಂದವನು 1915ರವರೆಗೆ ಬದುಕಿದ. ಪೂರ್ಣ ಗುಣವಾಗಿದ್ದನೆಂದಲ್ಲ. ರೋಗ ಅವನೊಳಗೇ ಇತ್ತು. ಎದ್ದು ಓಡಾಡಿದ ದಿನಗಳಷ್ಟೇ ಮಲಗಿದ ದಿನಗಳೂ ಇದ್ದವು.

ಈ ನಡುವೆ ಯೂರೋಪಿನಲ್ಲಿ ಬೆಟ್ಟದ ಗಾಳಿಯ ಚಿಕಿತ್ಸೆಗೆ ಶಾಸ್ತ್ರದ ರೂಪ ಬಂದಿತ್ತು. ಹೆರ್ಮಾನ್ ಬ್ರೇಮರ್ ಎಂಬ ಜರ್ಮನ್ ವೈದ್ಯ 1850ರ ದಶಕದಲ್ಲಿ ಸಿಲೇಸಿಯಾದ ಬೆಟ್ಟದ ತಪ್ಪಲಿನಲ್ಲಿ ಆರೋಗ್ಯಧಾಮ ಕಟ್ಟಿದ್ದ. ಅವನ ಶಿಷ್ಯ ಡೆಟ್‌ವೈಲರ್ ಅದಕ್ಕೆ ನಿಯಮಬದ್ಧ ವಿಶ್ರಾಂತಿಯನ್ನು ಸೇರಿಸಿದ. 1882ರಲ್ಲಿ ಇದನ್ನೆಲ್ಲ ಓದಿದ ಟ್ರೂಡೊ ತಾನೂ ಒಂದನ್ನು ಕಟ್ಟಲು ಹೊರಟ. ಕಾಡಿನ ಮಾರ್ಗದರ್ಶಿಗಳು, ಎಂದರೆ ಅವನ ಬೇಟೆಯ ಗೆಳೆಯರು, ತಾವೇ ಹಣ ಕೂಡಿಸಿ 16 ಎಕರೆ ನೆಲ ಕೊಂಡುಕೊಟ್ಟರು. 1885ರ ಫೆಬ್ರವರಿಯಲ್ಲಿ ಅಲ್ಲಿ ಒಂದೇ ಕೋಣೆಯ, ಮುಂದೊಂದು ಪುಟ್ಟ ಜಗಲಿಯ, ಕೆಂಪು ಬಣ್ಣದ ಮರದ ಮನೆಗೆ ಇಬ್ಬರು ರೋಗಿಗಳು ಬಂದರು. ಇಬ್ಬರೂ ನ್ಯೂಯಾರ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಕ್ಕತಂಗಿಯರು. ಹಿಮ ಬೀಳುವ ತಿಂಗಳಲ್ಲಿ, ಹೊದ್ದುಕೊಂಡು ಆ ಜಗಲಿಯಲ್ಲಿ ಕೂತ ಆ ಬಡ ಹೆಣ್ಣುಮಕ್ಕಳು ಏನು ಯೋಚಿಸುತ್ತಿದ್ದರೋ! ಮುಂದೆ ಈ ಮನೆಗೆ ‘ಲಿಟ್ಲ್ ರೆಡ್’ ಎಂಬ ಹೆಸರು ನಿಂತಿತು. ಸುತ್ತಲೂ ಒಂದು ಊರೇ ಬೆಳೆಯಿತು. ಮನೆಮನೆಗೂ ಗಾಜಿನ ಜಗಲಿ, ಜಗಲಿಗೊಂದು ಒರಗುಮಂಚ.

ಟ್ರೂಡೊ ಬರೀ ನಂಬಿಕೆಯವನಾಗಿದ್ದರೆ ನನಗೆ ಅವನ ಮೇಲೆ ಇಷ್ಟು ಆಸಕ್ತಿ ಹುಟ್ಟುತ್ತಿರಲಿಲ್ಲ. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ಕ್ರಿಮಿಯನ್ನು ತೋರಿಸಿದ. ಟ್ರೂಡೊಗೆ ಜರ್ಮನ್ ಬಾರದು. ಗೆಳೆಯನೊಬ್ಬ ಆ ಲೇಖನವನ್ನು ಇಂಗ್ಲಿಷಿಗೆ ಮಾಡಿಸಿ, ಕೈಬರಹದಲ್ಲಿ ಬರೆಸಿ, ಕ್ರಿಸ್ಮಸ್ ಉಡುಗೊರೆಯಾಗಿ ಕಳಿಸಿದ. ಅದನ್ನಿಟ್ಟುಕೊಂಡು ಆ ಕಾಡುಹಳ್ಳಿಯ ಸ್ವಂತ ಮನೆಯಲ್ಲಿ, ಸೌದೆ ಒಲೆಯ ಪಕ್ಕದಲ್ಲಿ, ಇವನು ಕ್ರಿಮಿ ಬೆಳೆಸಲು ಕಲಿತ. ಆಮೇಲೆ ತನಗೆ ಜೀವ ಕೊಟ್ಟ ಕಾಡಿನ ಗಾಳಿಯನ್ನೇ ಪರೀಕ್ಷೆಗೆ ಒಡ್ಡಿದ. ಹದಿನೈದು ಮೊಲ. ಐದಕ್ಕೆ ಕ್ರಿಮಿ ಚುಚ್ಚಿ ಕತ್ತಲ ಕೋಣೆಯಲ್ಲಿ ಅರೆಹೊಟ್ಟೆಯಲ್ಲಿಟ್ಟ. ಇನ್ನೈದಕ್ಕೆ ಚುಚ್ಚದೆ, ಅಷ್ಟೇ ಕೆಟ್ಟ ಕತ್ತಲ ಗುಂಡಿಯಲ್ಲಿಟ್ಟ. ಉಳಿದ ಐದಕ್ಕೆ ಕ್ರಿಮಿ ಚುಚ್ಚಿ, ಕೆರೆಯ ನಡುವಿನ ಪುಟ್ಟ ದ್ವೀಪದಲ್ಲಿ ಬಯಲಿಗೆ ಬಿಟ್ಟ. ಮೊದಲ ಗುಂಪಿನಲ್ಲಿ ನಾಲ್ಕು ಸತ್ತವು. ಎರಡನೆಯದು ಬಡಕಲಾದರೂ ರೋಗ ಬರಲಿಲ್ಲ. ದ್ವೀಪದಲ್ಲಿ ಒಂದು ಸತ್ತು ನಾಲ್ಕು ನೆಗೆದಾಡಿಕೊಂಡಿದ್ದವು. ಈ ಫಲಿತಾಂಶ 1887ರಲ್ಲಿ ಪ್ರಕಟವಾಯಿತು. ಕ್ರಿಮಿಯಿಲ್ಲದೆ ರೋಗವಿಲ್ಲ, ಆದರೆ ಕ್ರಿಮಿ ಹೊಕ್ಕ ಮೇಲೂ ಬಾಳುವ ರೀತಿಯಿಂದ ವ್ಯತ್ಯಾಸವಾಗುತ್ತದೆ ಎಂದು ಅವನು ಕಂಡುಕೊಂಡ. ಹದಿನೈದು ಮೊಲ ಬಹಳ ಸಣ್ಣ ಲೆಕ್ಕವೆಂದು ಇಂದಿನವರು ಆಕ್ಷೇಪಿಸಬಹುದು. ಅವನ ಸ್ವಂತ ಮಗಳ ವಿಷಯದಲ್ಲಂತೂ ಆ ಲೆಕ್ಕ ನಡೆಯಲಿಲ್ಲ. ಅದೇ ಗಾಳಿಯಲ್ಲಿ ಬೆಳೆದ ಹುಡುಗಿ 1893ರಲ್ಲಿ ಅದೇ ರೋಗಕ್ಕೆ ತುತ್ತಾದಳು.

ಮೊಲದ ಫಲಿತಾಂಶ ಹೊರಬಂದ ವರ್ಷವೇ ಆ ಹಳ್ಳಿಗೆ ಒಬ್ಬ ವಿಚಿತ್ರ ರೋಗಿ ಬಂದ. ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್. ಹುಟ್ಟಿದಾಗಿನಿಂದ ಎದೆಯ ಕಾಯಿಲೆಯವನು; 1887ರ ಅಕ್ಟೋಬರಿನಿಂದ 1888ರ ಏಪ್ರಿಲ್‌ವರೆಗೆ ಸ್ಯಾರನಾಕ್‌ನ ಬಾಡಿಗೆ ಮನೆಯಲ್ಲಿದ್ದು ಟ್ರೂಡೊನ ಆರೈಕೆ ಪಡೆದ. ಸ್ನೇಹವೂ ಬೆಳೆಯಿತು, ಜಗಳವೂ ಆಯಿತು. ಪ್ರಯೋಗಶಾಲೆ ತೋರಿಸಲು ಕರೆದೊಯ್ದರೆ ಸ್ಟೀವನ್‌ಸನ್ ಅಸಹ್ಯಪಟ್ಟು ಹೊರಗೆ ಓಡಿದನಂತೆ. ಸೊನ್ನೆಗಿಂತ ಬಹಳ ಕೆಳಗಿಳಿಯುವ ಚಳಿ. ಎಮ್ಮೆತೊಗಲಿನ ಕೋಟು ಹೊದ್ದು ಜಗಲಿಯಲ್ಲಿ ಅತ್ತಿಂದಿತ್ತ ತಿರುಗುತ್ತ ಅವನು ಒಂದು ಬೇಸಗೆಯ ಕನಸು ಹೆಣೆಯುತ್ತಿದ್ದ. ಒಂದು ಹಾಯಿಹಡಗು ಬಾಡಿಗೆಗೆ ಹಿಡಿಯಬೇಕು, ತೆಂಕಣ ಸಮುದ್ರದ ದ್ವೀಪಗಳಿಗೆ ಹೋಗಬೇಕು. ಆ ಚಳಿಗಾಲದ ಸಂಜೆಗಳಲ್ಲಿ ಮನೆಮಂದಿಯೆಲ್ಲ ಹಡಗಿನ ಮಾತೇ ಆಡಿದರು. ಎದ್ದು ಮಹಡಿಗೆ ಹೋಗಲಾರದವನು ಮಹಾಸಾಗರ ದಾಟುವ ಲೆಕ್ಕ ಹಾಕುವುದು ನಗೆಪಾಟಲೆಂದು ತೋರಬಹುದು. ಆದರೆ ಹೆಂಡತಿ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋಗಿ ‘ಕಾಸ್ಕೊ’ ಎಂಬ ಹಡಗನ್ನು ಗೊತ್ತುಮಾಡಿದಳು. 1888ರ ಜೂನ್ 28ರಂದು ಹಾಯಿ ಬಿಚ್ಚಿದರು. ಕೆಲವು ವಾರಗಳಲ್ಲಿ ಅವನು ಮಾರ್ಕೇಸಸ್ ದ್ವೀಪಗಳ ದಡದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಚಿಪ್ಪು ಆರಿಸುತ್ತಿದ್ದ. ಮತ್ತೆ ಆರು ವರ್ಷ ಬದುಕಿ, 1894ರ ಡಿಸೆಂಬರಿನಲ್ಲಿ ಸಮೋವಾದಲ್ಲಿ 44ರ ವಯಸ್ಸಿಗೆ ಸತ್ತ. ಸತ್ತದ್ದು ಎದೆಯ ರೋಗದಿಂದಲ್ಲ, ಮೆದುಳಿನ ರಕ್ತಸ್ರಾವದಿಂದ.

ಇಲ್ಲಿಗೇ ನಿಲ್ಲಿಸಿದರೆ ಕಥೆ ಬಹಳ ಸುಖವಾಗಿರುತ್ತದೆ. ಬಯಲಿಗಾಗಿ ಹಂಬಲಿಸಿದವರೆಲ್ಲ ಬದುಕಿದರು ಎಂದು ನಾನೂ ನಂಬಿಕೊಂಡು ಶಿವಗಂಗೆಯ ಚೀಲ ಕಟ್ಟಬಹುದು. ಆದರೆ ನಮ್ಮವರೇ ಒಬ್ಬರ ಪಾಡು ಅದಕ್ಕೆ ಅಡ್ಡ ಬರುತ್ತದೆ.

ಶ್ರೀನಿವಾಸ ರಾಮಾನುಜನ್ ಕೇಂಬ್ರಿಡ್ಜಿನಲ್ಲಿ 1917ರಲ್ಲಿ ಹಾಸಿಗೆ ಹಿಡಿದರು. ಕ್ಷಯವೆಂದು ಶಂಕಿಸಿ ಒಂದಾದಮೇಲೊಂದು ಆರೋಗ್ಯಧಾಮಕ್ಕೆ ಕಳಿಸಿದರು. 1918ರಲ್ಲಿ ಡರ್ಬಿಷೈರಿನ ಮ್ಯಾಟ್‌ಲಾಕ್‌ನಲ್ಲಿದ್ದರು. ತೆರೆದ ಗಾಳಿಯ ಚಿಕಿತ್ಸೆ ಆಗ ಇಂಗ್ಲೆಂಡಿನಲ್ಲಿ ಒಂದು ಮತದಂತಿತ್ತು. ಇಂಗ್ಲೆಂಡಿನ ಫ್ರಿಮ್ಲಿ ಎಂಬಲ್ಲಿ ಡಾಕ್ಟರ್ ಪ್ಯಾಟರ್ಸನ್ ಎಂಬಾತ ರೋಗಿಗಳನ್ನು ಮೊದಲು ನಡೆಸಿ, ಆಮೇಲೆ ಮಣ್ಣಿನ ಬುಟ್ಟಿ ಹೊರಿಸಿ, ಆಮೇಲೆ ಸಣ್ಣ ಸಲಿಕೆ, ದೊಡ್ಡ ಸಲಿಕೆ, ಕಡೆಗೆ ಗುದ್ದಲಿ ಹಿಡಿಸಿ ಗುಣಪಡಿಸುತ್ತೇನೆಂದು ಹೆಸರಾಗಿದ್ದ. ಎಲ್ಲ ಕಡೆಯೂ ಕಿಟಕಿ ಹಗಲಿರುಳು ತೆರೆದೇ ಇರಬೇಕು. ಅಣ್ಣನ ಕೋಣೆಯ ಕಿಟಕಿ ಮುಚ್ಚಿಸಿದ್ದೂ ವೈದ್ಯರೇ. ಅರ್ಧ ಶತಮಾನದ ಮೇಲೆ ರಾಮಾನುಜನ್ನರ ಕಿಟಕಿ ತೆರೆಸಿದ್ದೂ ವೈದ್ಯರೇ. ಕುಂಭಕೋಣದ ಬಿಸಿಲಲ್ಲಿ ಬೆಳೆದ, ಶುದ್ಧ ಸಸ್ಯಾಹಾರಿಯಾದ ಆ ಮನುಷ್ಯನಿಗೆ ಅದು ಶಿಕ್ಷೆಯಾಗಿತ್ತು. ಬೆಂಕಿ ಹಾಕಿಕೊಡಲೊಲ್ಲರೆಂದು ಅವರು ಕೊರಗಿದರು. ಬಚ್ಚಲ ಕೋಣೆಯೊಂದೇ ಬೆಚ್ಚಗಿದೆ, ಕಾಗದ ಲೇಖನಿ ತೆಗೆದುಕೊಂಡು ಅಲ್ಲಿಗೇ ಹೋಗುತ್ತೇನೆಂಬ ಅರ್ಥದಲ್ಲಿ ಹಾರ್ಡಿಯವರಿಗೆ ಬರೆದರು. ರಾಯಲ್ ಸೊಸೈಟಿಯ ಸದಸ್ಯತ್ವ ಬಂದ ವರ್ಷವೇ ಅದು.

1919ರ ಮಾರ್ಚಿನಲ್ಲಿ ಅವರು ಮುಂಬಯಿಗೆ ಬಂದಿಳಿದರು. ಆ ಬೇಸಗೆಯನ್ನು ಕಾವೇರಿಯ ದಡದ ಕೊಡುಮುಡಿಯಲ್ಲಿ ಕಳೆದರು. ನಮ್ಮ ಕೊಡಗಿನಲ್ಲಿ ಹುಟ್ಟಿದ ಹೊಳೆ ಅಲ್ಲಿಗೆ ಬರುವಾಗ ಅಗಲವಾಗಿ, ನಿಧಾನವಾಗಿ ಹರಿಯುತ್ತದೆ. ಬಿಸಿಲಿತ್ತು, ಹೊಳೆಯಿತ್ತು, ಮನೆಯ ಅಡಿಗೆಯಿತ್ತು, ತಾಯಿ ಹೆಂಡತಿಯರಿದ್ದರು. ಇಂಗ್ಲೆಂಡಿನ ಹಾಸಿಗೆಯಲ್ಲಿ ಮಲಗಿ ಅವರು ಬಯಸಿದ್ದೆಲ್ಲ ಇತ್ತು. ರೋಗ ಮಾತ್ರ ಬಿಡಲಿಲ್ಲ. ಮದರಾಸಿನ ಚೇಟ್‌ಪಟ್ ಬಡಾವಣೆಯ ಮನೆಯೊಂದರಲ್ಲಿ 1920ರ ಏಪ್ರಿಲ್ 26ರಂದು, 32ನೆಯ ವಯಸ್ಸಿನಲ್ಲಿ ತೀರಿಹೋದರು. ಅವರಿಗಿದ್ದದ್ದು ಕ್ಷಯವೇ ಅಲ್ಲ, ಯಕೃತ್ತಿನ ಅಮೀಬಾ ಸೋಂಕಾಗಿರಬಹುದೆಂದು 1994ರಲ್ಲಿ ಯಂಗ್ ಎಂಬ ವೈದ್ಯರು ದಾಖಲೆಗಳನ್ನು ಶೋಧಿಸಿ ವಾದಿಸಿದ್ದಾರೆ. ಅದು ನಿಜವಾದರೆ ಆ ತೆರೆದ ಕಿಟಕಿಗಳ ಚಳಿಯೆಲ್ಲ ವ್ಯರ್ಥ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಕ್ಯಾಲೆಂಡರಿನ ಪಟ್ಟಿಗೂ ಎರಡು ದಿನ ಏನೂ ಸೇರಿಸಲಿಲ್ಲ.

ಚೇಟ್‌ಪಟ್ ಎಂಬ ಆ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಅದಕ್ಕೆ ಮೊದಲು ನಮ್ಮ ಮನೆಯದೇ ಒಂದು ಸಂಗತಿ ಹೇಳಬೇಕು.

ನನ್ನ ದೊಡ್ಡಪ್ಪನಿಗೆ 1951ರಲ್ಲಿ ಕ್ಷಯ ಬಂತು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಮೈಸೂರಿನಲ್ಲಿ ರಾಜಮನೆತನದ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆರೋಗ್ಯಧಾಮದಲ್ಲಿ ಸೇರಿಸಿದರು. ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಪತ್ತೆಯಾಗಿ, ನಮ್ಮ ಕಡೆಗೂ ಅಷ್ಟಿಷ್ಟು ಬರುತ್ತಿದ್ದ ಕಾಲ. ನನ್ನಜ್ಜ ಎರಡೆಕರೆ ಗದ್ದೆ ಮಾರಿ ಸೂಜಿಮದ್ದಿಗೆ ಹಣ ಹೊಂದಿಸಿದರಂತೆ. ದೊಡ್ಡಪ್ಪ ಅಲ್ಲಿಂದ ನನ್ನ ತಂದೆಗೆ ಬರೆದ ಕಾರ್ಡುಗಳು ಈಗಲೂ ನಮ್ಮ ಪೆಟ್ಟಿಗೆಯಲ್ಲಿವೆ. ರೋಗದ ಮಾತು ಒಂದು ಸಾಲು, ಉಳಿದದ್ದೆಲ್ಲ ಊರಿನದು. ಹೊಲದ ಬದುವಿನ ಮಾವು ಹೂ ಬಿಟ್ಟಿದೆಯೇ, ಕಲ್ಯಾಣಿಯಲ್ಲಿ ನೀರು ಎಷ್ಟನೆಯ ಮೆಟ್ಟಿಲಿಗಿದೆ, ಈ ಸಲ ಹುಡುಗರಿಗೆ ಈಜು ಕಲಿಸುವವರು ಯಾರು. ಅವರು ಊರಿಗೇ ಹೆಸರಾದ ಈಜುಗಾರರಂತೆ. ಬೇಸಗೆ ಬಂತೆಂದರೆ ಬೆಳಗಿನಿಂದ ಕಲ್ಯಾಣಿಯಲ್ಲೇ. ಬೆನ್ನಿಗೆ ಒಣಸೋರೆ ಬುರುಡೆ ಕಟ್ಟಿ ಊರಿನ ಅರ್ಧ ಹುಡುಗರಿಗೆ ಈಜು ಕಲಿಸಿದ್ದರು.

1953ರ ಚೈತ್ರದಲ್ಲಿ ಅವರು ಗುಣವಾಗಿ ಊರಿಗೆ ಬಂದರು. ಕಫದಲ್ಲಿ ಕ್ರಿಮಿಯಿಲ್ಲವೆಂದು ವೈದ್ಯರ ಚೀಟಿಯೂ ಜೊತೆಗಿತ್ತು. ಮರುದಿನ ಬೆಳಗ್ಗೆ ಟವಲು ಹೆಗಲಿಗೆ ಹಾಕಿಕೊಂಡು ಕಲ್ಯಾಣಿಗೆ ಹೋದರು. ನೀರಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಮೇಲೆ ಬಂದರು. ಯಾರೂ ಏನೂ ಅನ್ನಲಿಲ್ಲ. ತಾಯಂದಿರು ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೊರಟರು. ದೊಡ್ಡಪ್ಪ ಮೂರನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ನೀರು ಮುಟ್ಟದೆ ಹಿಂದಿರುಗಿದರು. ಇದನ್ನು ಕಂಡವರು ನನ್ನ ತಂದೆ. ನಾನು ಕಂಡದ್ದು 1960ರ ದಶಕದ ದೊಡ್ಡಪ್ಪನನ್ನು: ಗಟ್ಟಿಮುಟ್ಟಾದ, ದಿನಕ್ಕೆ ನಾಲ್ಕು ಮೈಲಿ ನಡೆಯುವ ಮನುಷ್ಯ, ಊಟಕ್ಕೆ ಮಾತ್ರ ಬೇರೆ ತಟ್ಟೆ, ಬೇರೆ ಹಿತ್ತಾಳೆ ಲೋಟ. ಆ ಲೋಟವನ್ನು ಮುಟ್ಟಬೇಡವೆಂದು ನಮಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೂ ನಾವು ಯಾರೂ ಮುಟ್ಟುತ್ತಿರಲಿಲ್ಲ. ಅವರು ನಮ್ಮ ಯಾರ ತಲೆಯನ್ನೂ ನೇವರಿಸಿದ ನೆನಪು ನನಗಿಲ್ಲ.

ಇನ್ನು ಚೇಟ್‌ಪಟ್‌ಗೆ ಬರೋಣ. ರಾಮಾನುಜನ್ ತೀರಿಕೊಂಡು 36 ವರ್ಷವಾದ ಮೇಲೆ, 1956ರಲ್ಲಿ, ಅದೇ ಬಡಾವಣೆಯಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ನಾಲ್ಕೂ ಕೂಡಿ ನಡೆಸಿದ ಕೆಲಸ. ಮುಂದೆ ನಿಂತವರು ವಾಲೆಸ್ ಫಾಕ್ಸ್ ಎಂಬ ಆಂಗ್ಲ ವೈದ್ಯ. ಆ ವೇಳೆಗೆ ಐಸೊನಯಾಜಿಡ್ ಎಂಬ ಅಗ್ಗದ ಮಾತ್ರೆ ಬಂದು ನಾಲ್ಕು ವರ್ಷವಾಗಿತ್ತು. ದೇಶದಲ್ಲಿ ಲಕ್ಷಾಂತರ ರೋಗಿಗಳು. ಆರೋಗ್ಯಧಾಮದ ಹಾಸಿಗೆಗಳೋ ಬೆರಳೆಣಿಕೆ. ಮಾತ್ರೆಯನ್ನು ಮನೆಯಲ್ಲೇ ಕೊಟ್ಟರೆ ಸಾಲದೆ, ಎಂಬುದೇ ಅವರ ಪ್ರಶ್ನೆ. ಮದರಾಸಿನ ಬಡ ರೋಗಿಗಳಲ್ಲಿ ಯಾರು ಮನೆಗೆ, ಯಾರು ಆರೋಗ್ಯಧಾಮಕ್ಕೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಇಬ್ಬರಿಗೂ ಒಂದೇ ಔಷಧ, ಒಂದು ವರ್ಷ ಕಾಲ. ಆರೋಗ್ಯಧಾಮದವರಿಗೆ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ, ದಾದಿಯರ ಆರೈಕೆ. ಮನೆಯವರಿಗೆ ಇಕ್ಕಟ್ಟಾದ ಗುಡಿಸಲು, ಅರೆಹೊಟ್ಟೆ, ಜೊತೆಗೆ ಎಂದಿನ ದುಡಿಮೆ.

1959ರಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತಿನ ವೈದ್ಯರು ಎರಡು ಸಲ ಓದಬೇಕಾಯಿತು. ಆರೋಗ್ಯಧಾಮದವರು ಮೈಕೈ ತುಂಬಿಕೊಂಡಿದ್ದರು, ನಿಜ. ಆದರೆ ರೋಗ ಗುಣವಾದದ್ದರಲ್ಲಿ ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಗುಣ ಮಾಡಿದ್ದು ಮಾತ್ರೆ. ಟ್ರೂಡೊನ ಆರೋಗ್ಯಧಾಮ ಅಷ್ಟು ಹೊತ್ತಿಗೇ, 1954ರಲ್ಲಿ, ರೋಗಿಗಳಿಲ್ಲದೆ ಬಾಗಿಲು ಹಾಕಿತ್ತು. ಮದರಾಸಿನ ಈ ವರದಿಯ ಮೇಲೆ ಉಳಿದವೂ ಒಂದೊಂದಾಗಿ ಮುಚ್ಚಿದವು, ಇಲ್ಲವೇ ಬೇರೆ ಆಸ್ಪತ್ರೆಗಳಾದವು. ನಮ್ಮ ಬೆಂಗಳೂರಿನಲ್ಲೇ 1959ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ತಿಳಿವಳಿಕೆಯನ್ನು ಹಳ್ಳಿ ಹಳ್ಳಿಯ ಆಸ್ಪತ್ರೆಗೆ ಮುಟ್ಟಿಸುವ ಬಗೆಯನ್ನು ರೂಪಿಸಿತು. ನಾನು ಇಂದು ಹಿತ್ತಲಲ್ಲಿ ಕೂತು ಮಾತ್ರೆ ನುಂಗುತ್ತಿರುವುದು ಆ ಗುಡಿಸಲಿನವರ ಉಪಕಾರ.

ಆ ಕೇಂದ್ರದವರು ಇನ್ನೊಂದನ್ನೂ ಲೆಕ್ಕವಿಟ್ಟಿದ್ದರು. ರೋಗಿಯೊಡನೆ ಒಂದೇ ಗುಡಿಸಲಲ್ಲಿ ಮಲಗಿದವರ, ಒಂದೇ ಪಾತ್ರೆಯಿಂದ ಉಂಡವರ ಗತಿಯೇನು? ಮನೆಮಂದಿಯನ್ನು ಐದು ವರ್ಷ ಪರೀಕ್ಷಿಸುತ್ತ ಬಂದರು. ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡವರಿಗೆ, ದೂರ ಕಳಿಸಿದವರಿಗಿಂತ ಹೆಚ್ಚಾಗಿ ರೋಗ ಬರಲಿಲ್ಲ. ಅಂಟುವುದೇನಿದ್ದರೂ ರೋಗ ಪತ್ತೆಯಾಗುವ ಮೊದಲೇ ಅಂಟಿರುತ್ತದೆ. ಮದ್ದು ಬಿದ್ದ ಮೇಲೆ ರೋಗಿ ಬಹುಬೇಗ ನಿರಪಾಯಿಯಾಗುತ್ತಾನೆ. ಇದು ಅಚ್ಚಾದದ್ದು 1966ರಲ್ಲಿ. ಆ ವರ್ಷ ನಾನು ಒಂಬತ್ತರ ಹುಡುಗ. ಆ ಬೇಸಗೆಯಲ್ಲೂ ದೊಡ್ಡಪ್ಪನ ಹಿತ್ತಾಳೆ ಲೋಟ ಗೂಡಿನಲ್ಲಿ ಬೇರೆಯೇ ಇತ್ತು.

ನಾನು ಈಗ ಆ ಹಳೆಯ ಕಾರ್ಡುಗಳನ್ನು ಬೇರೆ ಕಣ್ಣಿನಿಂದ ಓದುತ್ತೇನೆ. ದೊಡ್ಡಪ್ಪ ಕೇಳಿದ್ದು ಗಾಳಿಯ ವಿಷಯವಲ್ಲ. ಗಾಳಿ ಅಲ್ಲಿ ಬೇಕಾದಷ್ಟಿತ್ತು. ಟ್ರೂಡೊಗೆ ಎತ್ತಿಕೊಂಡು ಹೋಗಿ ದೋಣಿಯಲ್ಲಿ ಮಲಗಿಸುವವರಿದ್ದರು, ನೆಲ ಕೊಂಡುಕೊಡುವ ಗೆಳೆಯರಿದ್ದರು. ಸ್ಟೀವನ್‌ಸನ್ನನ ಹಡಗಿನಲ್ಲಿ ಮನೆಮಂದಿಯೇ ಇದ್ದರು. ದೊಡ್ಡಪ್ಪನಿಗೆ ಬೇಸಗೆ ಬಂತು, ನೀರೂ ಇತ್ತು, ಜೊತೆಗೆ ಇಳಿಯುವವರು ಇರಲಿಲ್ಲ.

ಮೊನ್ನೆಯಿಂದ ನನಗೆ ಬೀದಿಗಿಳಿಯಲು ಅಪ್ಪಣೆಯಾಗಿದೆ. ಗಣಪತಿ ಗುಡಿಯವರೆಗೆ ಹೋಗಿ ಬರುವುದು. ಹೋಗುವಾಗ ಎರಡು ಕಡೆ, ಬರುವಾಗ ಮೂರು ಕಡೆ ನಿಲ್ಲುತ್ತೇನೆ. ಎದುರುಮನೆಯ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಎಲ್ಲರದೂ ಸ್ಟೀಲಿನ ಲೋಟ, ನನ್ನದೂ ಅದೇ ಸ್ಟೀಲಿನದು. ಮೊಮ್ಮಗ ಫೋನಿನಲ್ಲಿ ಶಿವಗಂಗೆಗೆ ಎಷ್ಟು ಮೆಟ್ಟಿಲು ಎಂದು ಕೇಳಿದ. ಹೋಗಿ ಎಣಿಸೋಣ ಎಂದೆ. “ತಾತ, ನಿನಗೆ ಆಗದಿದ್ದರೆ ನಾನು ಎತ್ತಿಕೊಳ್ಳುತ್ತೇನೆ” ಎಂದ. ಅವನಿಗೆ ಹತ್ತು ವರ್ಷ.

ಪಟ್ಟಿಯ ಕೊನೆಯ ಬಾಬತ್ತು ಇದು. ನಮ್ಮೂರ ಕಲ್ಯಾಣಿಯ ಹೂಳು ತೆಗೆಸಿದ್ದಾರಂತೆ, ಈ ವರ್ಷ ನೀರು ನಿಂತಿದೆಯಂತೆ. ಮಾತ್ರೆ ಮುಗಿಯುವುದು ವೈಶಾಖದಲ್ಲಿ. ಮೊಮ್ಮಗನಿಗೆ ಇನ್ನೂ ಈಜು ಬಾರದು. ಒಣಸೋರೆ ಬುರುಡೆ ಈಗ ಎಲ್ಲಿ ಸಿಕ್ಕೀತೆಂದು ಹಾಲಿನವರನ್ನು ಕೇಳಿದ್ದೇನೆ. ಹುಡುಕಿ ತರುತ್ತೇನೆ ಎಂದಿದ್ದಾರೆ. ಬಿಸಿಲು ತುಳಸಿಕಟ್ಟೆ ದಾಟಿ ಬಾವಿಯ ಕಡೆಗೆ ಸರಿಯಿತು. “ಮಾವ, ಒಳಗೆ ಬನ್ನಿ, ತಣ್ಣಗಾಯಿತು” ಎಂದು ಸೊಸೆ ಕರೆಯುತ್ತಿದ್ದಾಳೆ.